ಸೋಮವಾರದ ಗುಳಿಗೆ

ನೀಲಾವತಿಯ ಬೆನ್ನೆಲುಬಿನ ಒಂದು ಮೂಳೆ ಕುಸಿದು ಏಳು ತಿಂಗಳಾಗಿತ್ತು. ಆ ಏಳು ತಿಂಗಳೂ ಮನೆಯವರು ಅದನ್ನು ಗ್ಯಾಸ್ ಎಂದು ಹೇಳಿ ಓಮದ ನೀರು ಕುಡಿಸಿದರು.

ನೀರಿನ ಬಕೆಟ್ಟು ಎತ್ತುವಾಗ ಸೊಂಟದ ಮೇಲೆ ಚುರುಕ್ಕೆಂದದ್ದು, ಆಮೇಲೆ ಎತ್ತರ ಕುಗ್ಗಿ ಸೀರೆಯ ನೆರಿಗೆ ನೆಲ ಗುಡಿಸತೊಡಗಿದ್ದು, ಮೇಲಿನ ಕಪಾಟಿನ ಡಬ್ಬಿ ಕೈಗೆ ಸಿಗದಾದದ್ದು, ಎಲ್ಲಕ್ಕೂ ಗ್ಯಾಸ್, ಇಲ್ಲವೇ ವಯಸ್ಸು. ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಎಕ್ಸ್-ರೇ ಆಯಿತು, ಮೂಳೆಯ ಗಟ್ಟಿತನ ಅಳೆಯುವ ಸ್ಕ್ಯಾನೂ ಆಯಿತು. ಆಸ್ಟಿಯೋಪೊರೋಸಿಸ್ ಎಂದರು ಡಾಕ್ಟರಮ್ಮ. ಮೂಳೆ ಒಳಗಿಂದ ಟೊಳ್ಳಾಗಿದೆ, ಇನ್ನು ಭಾರ ಎತ್ತಿದರೆ ಮತ್ತೊಂದು ಮುರಿದೀತು. ವಾರಕ್ಕೊಂದು ಗುಳಿಗೆ ಬರೆದರು. ಎದ್ದ ಕೂಡಲೇ, ಬರಿಹೊಟ್ಟೆಯಲ್ಲಿ, ಒಂದು ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಕೂಡದು, ಬಗ್ಗಕೂಡದು.

ವಡಾಲದ ಆ ಹಳೇ ಬಿಲ್ಡಿಂಗಿನಲ್ಲಿ ನಲ್ಲಿ ನೀರು ಬರುವುದು ಬೆಳಿಗ್ಗೆ ಐದೂವರೆಯಿಂದ ಆರೂಕಾಲರ ತನಕ. ಬಚ್ಚಲಲ್ಲಿ ಬಕೆಟ್ಟಿಗೆ ಹಿಡಿದು ಅಡುಗೆಮನೆಯ ಡ್ರಮ್ಮಿಗೆ ಹೊತ್ತು ಸುರಿಯಬೇಕು. ಮನೆಯಲ್ಲಿ ಗಂಡಸರಿಬ್ಬರಿದ್ದರು; ಬಕೆಟ್ಟು ಮಾತ್ರ ಅವಳದ್ದಾಗಿತ್ತು. ಮೊದಲ ಮೂರು ಸೋಮವಾರ ಅವಳು ಗುಳಿಗೆ ನುಂಗಿದವಳೇ ಬಗ್ಗಿ ಬಗ್ಗಿ ನೀರು ತುಂಬಿಸಿದಳು. ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. "ನಾನು ಹೇಳ್ಲಿಲ್ವಾ? ಗ್ಯಾಸೇ ಅದು. ಬಿಡು ಆ ಗುಳಿಗೆ," ಎಂದ ಗಂಡ ರಮಾನಾಥ. ಡಾಕ್ಟರಮ್ಮ ಕೇಳಿ ಹಣೆ ಹಣೆ ಬಡಿದುಕೊಂಡರು. "ಬಗ್ಗಿದ್ದಕ್ಕೇ ಉರಿ ಬಂದದ್ದು ಅಮ್ಮಾ. ಗುಳಿಗೆ ಬಿಡಬೇಡಿ, ಬಕೆಟ್ ಬಿಡಿ!"

ನಾಲ್ಕನೆಯ ಸೋಮವಾರ ಐದೂವರೆಗೆ ಗುಳಿಗೆ ನುಂಗಿ, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತಳು. ನಲ್ಲಿ ಬುಸ್ಸೆಂದಿತು.

"ನೀಲಾ, ನೀರು ಬಂತು ಮಾರಾಯ್ತಿ! ಎಂತ ಮದುಮಗಳ ಹಾಗೆ ಕೂತದ್ದು?" ದಾದರಿನ ತನ್ನ ಹೋಟೆಲಿಗೆ ಹೊರಡಲು ಗಡ್ಡ ಹೆರೆಯುತ್ತಿದ್ದ ರಮಾನಾಥ ಕೂಗಿದ.

"ಆರು ಗಂಟೆ ತನಕ ಬಗ್ಗಲಿಕ್ಕಿಲ್ಲ. ನೀವೇ ಹಿಡೀರಿ."

"ನನ್ನ ಬಸ್ಸು ತಪ್ತದೆ. ಬೆಳಿಗ್ಗೆ ಕೆಲಸದ ಹೊತ್ತಲ್ಲಿ ಯಾರಾದ್ರೂ ಕೂತುಕೊಳ್ತಾರಾ?"

"ನೀವು ಹಗಲಿಡೀ ಗಲ್ಲಾದಲ್ಲಿ ಕೂರುದಲ್ವಾ? ಅದಕ್ಕೇ ನಿಮ್ಮ ಬೆನ್ನು ಸರಿ ಉಂಟು."

ಮಗ ಸಂದೀಪ ಜಿಮ್ಮಿನ ಚೀಲ ಹೆಗಲಿಗೇರಿಸಿ ಹೊರಬಂದ. "ಅಮ್ಮಾ, ದೋ ಬಕೆಟ್ ತೋ ಹೈ, ಎರಡೇ ಬಕೆಟ್. ಪಪ್ಪನ ಮೂಡ್ ಯಾಕೆ ಖರಾಬ್ ಮಾಡ್ತೀ?"

"ಜಿಮ್ಮಲ್ಲಿ ಎಷ್ಟು ಎತ್ತುತ್ತೀ ಮಗಾ?"

"ಸಿಕ್ಸ್ಟಿ ಕೆಜಿ," ಎಂದ ಹೆಮ್ಮೆಯಿಂದ.

"ಬಕೆಟ್ಟು ಹದಿನೈದು."

ಸಂದೀಪ ಬಗ್ಗಿ ಶೂ ಲೇಸು ಕಟ್ಟತೊಡಗಿದ. ಅದು ಕಟ್ಟಿ ಮುಗಿಯಲೇ ಇಲ್ಲ.

ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ, ನೀರು ಬಚ್ಚಲಿನ ತೂತಿಗೆ ಇಳಿಯುತ್ತಿತ್ತು. ಆ ಸದ್ದಿಗೆ ನೀಲಾವತಿಯ ಅಂಗೈ ತುರಿಸಿತು. ಮೂವತ್ತೈದು ವರ್ಷ ಒಂದು ಚೊಂಬು ಪೋಲು ಮಾಡಿದವಳಲ್ಲ. ಎದ್ದುಬಿಡುತ್ತೇನೋ ಎಂಬ ಹೆದರಿಕೆಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಇಬ್ಬರು ಗಂಡಸರೂ ಬಚ್ಚಲಿನತ್ತ ನೋಡಿದರು, ಅವಳತ್ತ ನೋಡಿದರು, ಗಡಿಯಾರದತ್ತ ನೋಡಿದರು. ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ.

ಆರು ಹೊಡೆಯಿತು. ಅದಕ್ಕೇ ಕಾದಿದ್ದವನಂತೆ ರಮಾನಾಥ ಇನ್ನೊಂದು ಖಾಲಿ ಬಕೆಟ್ಟು ತಂದು ಅವಳ ಕಾಲ ಬುಡದಲ್ಲಿಟ್ಟ.

"ಮುಗೀತಲ್ಲ ನಿನ್ನ ಡಾಕ್ಟರಮ್ಮನ ಅರ್ಧ ಗಂಟೆ? ಇನ್ನೂ ಕಾಲು ಗಂಟೆ ನೀರುಂಟು. ಏಳು."

ನೀಲಾವತಿ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿದಳು.

"ಗುಳಿಗೆಯದ್ದು ಮುಗೀತು," ಎಂದಳು. "ನನ್ನದು ಈಗ ಶುರು. ಏಳುದಿಲ್ಲ."