ಎಡಕ್ಕೆ ತಿರುಗುವಾಗ

ಹಿಮದ ಮೇಲೆ ನಾಲ್ಕು ಮಾರು ಜಾರಿದರೆ ಎರಡು ಸಲ ಬೀಳುವವನು ನಾನು. ಈ ಕಥೆ ಹೇಳಹೊರಟಿದ್ದೇ ಅಧಿಕಪ್ರಸಂಗ, ಬಲ್ಲವರು ಮನ್ನಿಸಬೇಕು. ಡಿಸೆಂಬರಿನ ಮೊದಲ ವಾರ. ಟಿರೋಲ್ ಬೆಟ್ಟನಾಡಿನ ಆ ಹಳ್ಳಿಗೆ ಪ್ರವಾಸಿಗರು ಇನ್ನೂ ಬಂದಿರಲಿಲ್ಲ. ಸ್ಕೀ ಶಾಲೆಯ ನೆಲಮಾಳಿಗೆಯಲ್ಲಿ ಸ್ಕೀಗಳಿಗೆ ಮೇಣ ಹಚ್ಚುತ್ತಿದ್ದ ಕಾಸ್ಪರ್ ಇದ್ದಕ್ಕಿದ್ದಂತೆ ಮೂಗೆತ್ತಿ ವಾಸನೆ ಹಿಡಿದ.

“ಯಾರೋ ಮಂಡಿನೋವಿಗೆ ಮಾರ್ಮಟ್ ಅಳಿಲಿನ ಕೊಬ್ಬು ಉಜ್ಜಿದ ಹಾಗಿದೆಯಲ್ಲ?”

“ನಮ್ಮ ನಾಯಿಗೆ,” ಎಂದಳು ಜೊತೆಯ ಶಿಕ್ಷಕಿ ಬುರ್ಗಾ, ಬೂಟಿನ ಕೊಂಡಿ ಬಿಗಿಯುತ್ತಾ. “ಕುಂಟ್ತಾ ಇದಾನೆ ಪಾಪ. ಕೈ ತೊಳೆಯೋದು ಮರೆತೆ.”

“ಅದೃಷ್ಟವಂತ ನಾಯಿ ಕಣೇ. ಸರಿ, ಬಾ, ದಿನಾ ಬೆಳಿಗ್ಗೆ ಒಟ್ಟಿಗೆ ಅಭ್ಯಾಸ ಮಾಡೋಣ. ಬೇಸಿಗೆ ಪೂರ್ತಿ ಹಸು ಕಾಯ್ದು ನನ್ನ ಕಾಲು ಜಡ್ಡುಗಟ್ಟಿದೆ.”

ಬುರ್ಗಾಳಿಗೆ ಒಳಗೊಳಗೇ ಚುರುಕ್ಕೆಂದಿತು. ಇಪ್ಪತ್ತೆರಡು ವರ್ಷದಿಂದ ಮೇಲಿನ ಇಳಿಜಾರಿನ ನುರಿತವರ ಗುಂಪು ಅವಳದು. ಕಾಸ್ಪರ್ ನಾಲ್ಕು ವರ್ಷದಿಂದ ಕೆಳಗೆ ಮಕ್ಕಳಿಗೆ ಕಲಿಸುತ್ತಾ ಅವರ ಮೂಗು ಒರೆಸುತ್ತಿದ್ದ. ಶನಿವಾರ ಶಿಕ್ಷಕರೆಲ್ಲ ಹೊಸ ಹಿಮದಲ್ಲಿ ಒಬ್ಬೊಬ್ಬರಾಗಿ ಇಳಿಯಬೇಕು. ಮುಖ್ಯಸ್ಥ ಗೆಬ್‌ಹಾರ್ಟ್ ಇಳಿಯುವವರನ್ನು ನೋಡುವುದಿಲ್ಲ, ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಎಲ್ಲರೂ ಇಳಿದ ಮೇಲೆ ಹಿಮದಲ್ಲಿ ಉಳಿದ ಜಾಡುಗಳನ್ನಷ್ಟೇ ನೋಡಿ, ಯಾರಿಗೆ ಯಾವ ಗುಂಪೆಂದು ಹೇಳುತ್ತಾನೆ. ತನ್ನ ಬಲಮಂಡಿ ನೋವಿನ ಸುದ್ದಿ ಹೊರಬೀಳಬಾರದೆಂದೇ ಅವಳು ಪಕ್ಕದ ಕಣಿವೆಯ ಡಾಕ್ಟರ ಬಳಿ ಹೋಗಿಬಂದಿದ್ದಳು.

ಶನಿವಾರಕ್ಕೆ ಮುಂಚಿನ ಮೂರು ದಿನವೂ ಕಾಸ್ಪರ್ ಅವಳ ಹಿಂದೆಯೇ ಇಳಿದ. “ಎಡಕ್ಕೆ ತಿರುಗೋವಾಗ ಬಲಗಾಲಿಗೆ ಭಾರ ಬಿಡೇ! ಮೊಟ್ಟೆ ಮೇಲೆ ನಿಂತ ಹಾಗೆ ನಿಲ್ತೀಯಲ್ಲ?”

“ನೀನು ನಿನ್ನ ಕಾಲು ನೋಡ್ಕೋ.”

“ನಂದು ಎರಡೂ ನೆಟ್ಟಗಿದಾವೆ. ಅದಕ್ಕೇ ನಿಂದು ನೋಡ್ತಿದೀನಿ.”

ಎಡ ತಿರುವನ್ನೇ ಏಕೆ ಹಿಡಿದುಕೊಂಡಿದ್ದಾನೆ ಇವನು? ಶುಕ್ರವಾರ ಸಂಜೆ ಅವನು ಗೆಬ್‌ಹಾರ್ಟನ ಬಾಗಿಲಲ್ಲಿ ನಿಂತು ಏನೋ ಪಿಸುಗುಡುತ್ತಿದ್ದ. ಬುರ್ಗಾಳನ್ನು ಕಂಡೊಡನೆ ಇಬ್ಬರೂ ಮಾತು ನಿಲ್ಲಿಸಿದರು. ಮಂಡಿಯ ಗುಟ್ಟು ರಟ್ಟಾಯಿತೆಂದೇ ಅವಳು ಎಣಿಸಿದಳು.

ಶನಿವಾರ ಅವಳ ಬಲ ತಿರುವುಗಳು ಚಾಕುವಿನಲ್ಲಿ ಕೊಯ್ದಂತೆ ಬಂದವು. ಎಡಕ್ಕೆ ತಿರುಗಿದಾಗಲೆಲ್ಲ ಮಂಡಿ ಕೈಕೊಟ್ಟಿತು. ಬೀಳಲೇನೋ ಇಲ್ಲ. ಆದರೆ ಬಲಗಾಲಿನ ಸ್ಕೀ ಪಕ್ಕಕ್ಕೆ ಜಾರಿ, ಐದು ಕಡೆ ಹಿಮವನ್ನು ಪೊರಕೆಯಿಂದ ಗುಡಿಸಿದಂತೆ ಒರೆಸಿಹಾಕಿತ್ತು. ಕೆಳಗೆ ನಿಂತು ತಿರುಗಿ ನೋಡಿದರೆ ಕುರುಡನಿಗೂ ಕಾಣುವಂತಿತ್ತು. ಗೆಬ್‌ಹಾರ್ಟ್ ಬೆನ್ನು ಹಾಕಿಕೊಂಡು ಚಹಾ ಬಗ್ಗಿಸಿಕೊಳ್ಳುತ್ತಿದ್ದ.

ಕೊನೆಯವನು ಕಾಸ್ಪರ್. ಅಷ್ಟಗಲ ಹಿಮ ಮುಟ್ಟದೆ ಬಿದ್ದಿರುವಾಗ, ಅವನು ನೆಟ್ಟಗೆ ಬುರ್ಗಾಳ ಜಾಡಿನ ಮೇಲೇ ನುಗ್ಗಿದ. ಇನ್ನೊಬ್ಬರ ಜಾಡು ತುಳಿಯುವಷ್ಟು ಮರ್ಯಾದೆಗೆಟ್ಟವರು ಆ ಊರಲ್ಲಿ ಯಾರೂ ಇರಲಿಲ್ಲ.

ಗೆಬ್‌ಹಾರ್ಟ್ ತಿರುಗಿದ. “ಏನಯ್ಯ ಇದು, ಹಂದಿ ಹೊಕ್ಕ ಆಲೂಗಡ್ಡೆ ಹೊಲ!”

“ಬಿಸಿಲು ಕಣ್ಣಿಗೆ ಹೊಡೀತು, ಯಜಮಾನ್ರೇ.”

ಗೆಬ್‌ಹಾರ್ಟ್ ತಲೆಯೆತ್ತಿ, ಬೂದಿ ಬಳಿದಂತಿದ್ದ ಆಕಾಶ ನೋಡಿದ. “ಬಿಸಿಲಂತೆ! ಈ ವರ್ಷವೂ ಮಕ್ಕಳ ಹತ್ರಾನೇ ಇರು ನೀನು. ಬುರ್ಗಾ, ನಿಂದು ಅಳಿಸದೆ ಉಳಿದಿದ್ದು ಚೆನ್ನಾಗಿದೆ. ಮೇಲಿನ ಗುಂಪು ನಿಂಗೇ.”

ಅಳಿಸದೆ ಉಳಿದಿದ್ದು ಬಲ ತಿರುವುಗಳಷ್ಟೇ ಎಂದು ಬುರ್ಗಾಳಿಗೆ ಆಗ ಹೊಳೆಯಿತು.

ಬೇಲಿಯಾಚೆ ಕಾದಿದ್ದ ಅವಳ ನಾಯಿ, ಕಾಸ್ಪರನನ್ನು ಕಂಡದ್ದೇ ತಡ, ಬೇಲಿ ಹಾರಿ ನಾಲ್ಕು ಕಾಲಲ್ಲೂ ನೆಗೆಯುತ್ತಾ ಬಂತು. ಕಾಸ್ಪರ್ ಬಗ್ಗಿ ಅದರ ಮಂಡಿ ಸವರಿದ.

“ಪೂರ್ತಿ ವಾಸಿಯಾಗಿದೆ ಬುರ್ಗಾ. ಆದ್ರೂ ಇವನಿಗೆ ಹೇಳು, ಎಡಕ್ಕೆ ತಿರುಗೋವಾಗ ಜೋಪಾನ ಅಂತ.”

ಹಾಗೆನ್ನುವಾಗ ಅವನು ನಕ್ಕನಂತೆ. ಎಂಥ ನಗು ಅದು? ಬುರ್ಗಾಳಿಗೂ ತಿಳಿಯಲಿಲ್ಲ. ನನಗೂ ಗೊತ್ತಿಲ್ಲ.