ಎಲೆಕೋಸಿನ ಪಿರೋಗ್

ನೆಲಿಡಾ ಚಾಚಿದ ಕಾಗದವನ್ನು ಕಂಡದ್ದೇ ತಡ, ತಮಾರಾ ಲ್ವೋವ್ನಾ ಬಿಸಿ ಪಾತ್ರೆ ಮುಟ್ಟಿದವರಂತೆ ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಂಡರು.

"ಬೇಡ, ಬೇಡ! ಹಾಗಲ್ಲ!" ಎಂದವರೇ ಸರಸರನೆ ಇನ್ನೇನೋ ಹೇಳಿದರು. ಅದರಲ್ಲಿ ನೆಲಿಡಾಳ ಕಿವಿಗೆ ಸಿಕ್ಕಿದ್ದು ಎರಡೇ ಮಾತು: 'ಪಿರೋಗ್' ಮತ್ತು 'ಕೊಡೋದಿಲ್ಲ'. ಅಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು. "ಒಂದ್ನಿಮಿಷ, ನನ್ನ ತಂಗಿ ಇರಬೇಕು" ಎಂದು ಬಾಗಿಲನ್ನು ತೆರೆದಿಟ್ಟೇ ಹೋದರು. ತಂಗಿಯ ಜೊತೆಗಿನ ಮಾತು ಮಂಡಿನೋವಿನಿಂದ ಶುರುವಾಗಿ ಉಪ್ಪಿನಕಾಯಿಗೆ ಬಂದರೂ ಮುಗಿಯಲಿಲ್ಲ. ನೆಲಿಡಾ ಕಾಗದವನ್ನು ಮಡಚಿ, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು, ಮೆಟ್ಟಿಲು ಹತ್ತಿ ಮೇಲಿನ ತನ್ನ ಬಾಡಿಗೆ ಮನೆಗೆ ಹೋದಳು.

ಅದು ವಾಸದ ನೋಂದಣಿಯ ಕಾಗದ. ಶುಕ್ರವಾರದೊಳಗೆ ಮನೆಯೊಡತಿಯ ಸಹಿ ಬೀಳದಿದ್ದರೆ ಅವಳು ರಷ್ಯಾದ ಈ ಕೊಸ್ತ್ರೊಮಾ ಊರು ಬಿಟ್ಟು ಪೆರುವಿಗೆ ಹಿಂತಿರುಗಬೇಕು. ಸ್ಪ್ಯಾನಿಷ್ ಕಲಿಸುವ ಕೆಲಸವೂ ಹೋಗುತ್ತದೆ, ಈಗಷ್ಟೇ ಅಭ್ಯಾಸವಾಗುತ್ತಿರುವ ಈ ಹಿಮವೂ ಹೋಗುತ್ತದೆ. ಇವತ್ತು ಬುಧವಾರ. ಬಂದು ಮೂರು ತಿಂಗಳಾದರೂ ಅವಳು ಕೆಳಗಿನ ಮನೆಯೊಳಗೆ ಕಾಲಿಟ್ಟವಳಲ್ಲ. ಮೊದಲ ದಿನ ಮೆಟ್ಟಿಲ ಮೇಲೆ ಕೀಲಿ ಕೊಡುವಾಗ ತಮಾರಾ ಲ್ವೋವ್ನಾ ಅವಳ ಬೂಟುಗಳನ್ನು ನೋಡಿ, "ಏನಿದು, ಮಗುವಿನ ಪಾದ! ಇಷ್ಟು ಚಿಕ್ಕ ಚಪ್ಪಲಿ ನಮ್ಮ ಮನೇಲಿ ಇಲ್ಲವಲ್ಲ" ಎಂದಿದ್ದರು. ಒಳಗೆ ಬರುವವರೆಲ್ಲ ಬೂಟು ಬಿಚ್ಚಿ ಮನೆಯ ಚಪ್ಪಲಿ ಹಾಕಿಕೊಳ್ಳುವ ಊರು. ಚಪ್ಪಲಿ ಇಲ್ಲವೆಂದರೆ ಒಳಗೆ ಬರಬೇಡ ಎಂದೇ ಅರ್ಥವೆಂದು ನೆಲಿಡಾ ತಿಳಿದುಕೊಂಡಿದ್ದಳು.

ಈಗ ಪದಗಳ ಪುಸ್ತಕ ತೆರೆದಳು. ಮೊದಲ ವಾರವೇ ಬರೆದಿಟ್ಟಿದ್ದ ಪದ. ಪಿರೋಗ್: ಹೂರಣ ತುಂಬಿ ಬೇಯಿಸಿದ ತಟ್ಟೆಯಗಲದ ರೊಟ್ಟಿ. ಅಂದರೆ, ಪಿರೋಗ್ ಇಲ್ಲದೆ ಸಹಿ ಕೊಡೋದಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಹಿರಿಯರ ಬಳಿ ಏನಾದರೂ ಕೇಳಲು ಬರಿಗೈಲಿ ಹೋಗುವ ಪದ್ಧತಿ ತನ್ನೂರಿನಲ್ಲಿಯೂ ಇಲ್ಲವಲ್ಲ!

ಗುರುವಾರ ಬೆಳಿಗ್ಗೆ ಮೂಲೆಯಂಗಡಿಯ ಝೋಯಾ ಅವಳ ಬುಟ್ಟಿಯಿಂದ ಒಂದೊಂದೇ ಎತ್ತಿಟ್ಟಳು. "ಎಲೆಕೋಸು, ಮೊಟ್ಟೆ, ಯೀಸ್ಟು... ಓಹೋ, ಪಿರೋಗ್! ಯಾರಮ್ಮಾ ಆ ಅದೃಷ್ಟವಂತ?"

"ತಮಾರಾ ಲ್ವೋವ್ನಾ. ಅವರೇ ಕೇಳಿದ್ದಾರೆ."

ಝೋಯಾ ಗಲ್ಲದ ಮೇಲೆ ಕೈಯಿಟ್ಟಳು. "ತಮಾರಾ ಕೇಳಿದ್ಲಾ? ಬಾಯಿ ಬಿಟ್ಟು? ಮೂವತ್ತು ವರ್ಷ ಬ್ರೆಡ್ ಕಾರ್ಖಾನೇಲಿ ಹಿಟ್ಟು ನಾದಿದ ಹೆಂಗಸು ಕಣೇ ಅದು! ನಾನು ಮಾಡಿದ್ದನ್ನ ಒಂದು ಚೂರು ತಿಂದು, 'ಗೋಡೆ ಕಟ್ಟೋಕೆ ಚೆನ್ನಾಗಿದೆ' ಅಂದಿದ್ಲು."

"ಹಾಗಾದ್ರೆ ನಾನೇನು ಮಾಡ್ಲಿ?"

"ಬೆಣ್ಣೆ ಧಾರಾಳವಾಗಿ ಹಾಕು. ಉಳಿದಿದ್ದನ್ನ ದೇವರ ಮೇಲೆ ಹಾಕು."

ಮೊದಲನೆಯದು ಉಬ್ಬಲೇ ಇಲ್ಲ. ಎರಡನೆಯದರ ಒಂದು ಅಂಚು ಕಪ್ಪಾಯಿತು, ಮಿಕ್ಕದ್ದು ಹೊಂಬಣ್ಣಕ್ಕೆ ಬಂತು. ಸಂಜೆ ನಾಲ್ಕಕ್ಕೆ ನೆಲಿಡಾ ತಟ್ಟೆಯ ಕೆಳಗೆ ಕಾಗದವನ್ನೂ ಹಿಡಿದು, ಕೆಳಗಿನ ಮನೆಯ ಗಂಟೆ ಒತ್ತಿದಳು. ಬಾಗಿಲು ತೆರೆದ ಕೂಡಲೇ, ಮೆಟ್ಟಿಲುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದಳು. "ನೀವು ಕೇಳಿದ್ದು ತಂದಿದ್ದೇನೆ. ದಯವಿಟ್ಟು ಸಹಿ ಹಾಕಿ ಕೊಡಿ." ತಟ್ಟೆಯನ್ನು ಮುಂದೆ ಚಾಚಿದಳು.

ತಮಾರಾ ಲ್ವೋವ್ನಾರ ಕೈಗಳು ಮತ್ತೆ ಹಿಂದಕ್ಕೆ ಹೋದವು. "ಅಯ್ಯೋ ದೇವರೇ, ಮತ್ತೆ ಅಲ್ಲಿಂದಲೇ! ಮೊನ್ನೆ... ಅಲ್ಲ, ನಿನ್ನೆ ತಾನೇ ಹೇಳಿದೆನಲ್ಲ ನಿಮಗೆ? ಪರೋಗ್ ಮೇಲಿಂದ ಏನನ್ನೂ ಕೊಡೋದಿಲ್ಲ, ತಗೊಳ್ಳೋದಿಲ್ಲ. ಕೊಟ್ಟವರಿಗೂ ತಗೊಂಡವರಿಗೂ ಜಗಳ ಆಗತ್ತೆ!"

"ಪಿರೋಗ್ ಮೇಲಿಂದ?"

"ಪಿರೋಗ್ ಅಲ್ಲ, ಪರೋಗ್! ಇದು, ಇದು!" ಎಂದು ಅವರು ಬಾಗಿಲ ಕೆಳಗಿನ ಸವೆದ ಮರದ ಹೊಸ್ತಿಲನ್ನು ಕಾಲಿನಿಂದ ತಟ್ಟಿ ತೋರಿಸಿದರು.

ನೆಲಿಡಾ ಹೊಸ್ತಿಲನ್ನು ನೋಡಿದಳು. ಕೈಯಲ್ಲಿದ್ದ ಪಿರೋಗನ್ನು ನೋಡಿದಳು. ಕಿವಿಯವರೆಗೂ ಕೆಂಪಾದಳು. ಅವಳ ಕಣ್ಣು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಂಡ ತಮಾರಾ ಲ್ವೋವ್ನಾರಿಗೂ ಆಗ ವಿಷಯ ಹೊಳೆಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಲಂಚ! ನನಗೆ ಎಲೆಕೋಸಿನ ಲಂಚ! ಅಯ್ಯೋ ಹುಚ್ಚು ಹುಡುಗಿ, ಫೋನ್ ಇಟ್ಟು ಬಂದು ನೋಡಿದರೆ ಬಾಗಿಲಲ್ಲಿ ಯಾರೂ ಇಲ್ಲ. ನಾನೇನೋ ತಪ್ಪು ಮಾತಾಡಿದೆ ಅಂತ ರಾತ್ರಿಯೆಲ್ಲ ಯೋಚನೆ ನನಗೆ. ಒಂದಕ್ಷರಕ್ಕೆ ಎರಡು ದಿನ ಆಚೆ ನಿಂತಿದ್ದೀಯಲ್ಲೇ!"

"ಮೂರು ತಿಂಗಳು" ಎಂದಳು ನೆಲಿಡಾ, ತೀರಾ ಮೆಲ್ಲಗೆ.

ತಮಾರಾ ಲ್ವೋವ್ನಾ ನಗು ನಿಲ್ಲಿಸಿದರು. ಅವಳ ತೋಳು ಹಿಡಿದು, ತಟ್ಟೆಯ ಸಮೇತ ಒಳಗೆ ಎಳೆದುಕೊಂಡರು. ಆಮೇಲೆಯೇ ತಟ್ಟೆಗೆ ಕೈಯೊಡ್ಡಿದರು. ಕಪ್ಪಾದ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ. ಆದರೆ ಝೋಯಾಳದ್ದರ ಹಾಗೆ ಅಲ್ಲ, ಇದನ್ನ ತಿನ್ನಬಹುದು" ಎಂದರು. "ಸಹಿ ಎಲ್ಲೂ ಓಡಿಹೋಗಲ್ಲ. ಮೊದಲು ಟೀ. ಬೂಟು ಬಿಚ್ಚು."

ಬೂಟು ಬಿಚ್ಚಿ ನೆಲಿಡಾ ಕಾಲ್ಚೀಲದಲ್ಲೇ ನಿಂತಳು. ಅವರು ಅಡುಗೆಮನೆಯಿಂದ ಪಿರೋಗ್ ಕೊಯ್ಯುವ ಚಾಕು ತಂದವರು, ಕೋಟುಗಳ ಗೂಟದ ಕೆಳಗೆ ಬಗ್ಗಿ ಒಂದು ಜೊತೆ ಕೆಂಪು ಉಣ್ಣೆ ಚಪ್ಪಲಿ ಹೊರತೆಗೆದರು. ಮಗುವಿನ ಪಾದಕ್ಕೆ ಮಾತ್ರ ಹಿಡಿಸುವ ಅಳತೆ. ಮೇಲೆ ಮೂರು ತಿಂಗಳ ಧೂಳು ಕೂತಿತ್ತು. ಅದನ್ನು ಏಪ್ರನ್ನಿನಲ್ಲೇ ಒರೆಸಿ, ಎರಡನ್ನೂ ಜೋಡಿಸಿ ಕಟ್ಟಿದ್ದ ಅಂಗಡಿಯ ದಾರವನ್ನು ಆ ಚಾಕುವಿನಿಂದ ಕತ್ತರಿಸಿದರು.