ಪರದೆ ತೆರೆಯಲಾಗುತ್ತಿಲ್ಲ

ನಿರ್ದೇಶಕರ ಕಂಪ್ಯೂಟರ್ ಮತ್ತೆ ಅದನ್ನೇ ಹೇಳಿತು: ‘ಪರದೆ ತೆರೆಯಲಾಗುತ್ತಿಲ್ಲ.’

“ಇದೇನಮ್ಮ, ನಾಟಕ ಕಂಪನಿನಾ? ಪರದೆ ಎಳೆಯೋಕೆ ಬೇರೆ ಆಳು ಬೇಕಾ?” ಎಂದರು ಅವರು.

“ನಿಮ್ಮದು ವಿಂಡೋಸ್ ಅಲ್ವಾ ಸಾರ್. ಬೇರೆ ಯಂತ್ರ ಬಿಡಿಸಿದ ಚಿತ್ರ ತೋರಿಸೋಕೆ ಅದಕ್ಕೆ ಇನ್ನೊಂದು ಪ್ರೋಗ್ರಾಂ ಹಾಕಬೇಕು,” ಎಂದಳು ತಂತ್ರಜ್ಞೆ.

ಗಾಳಿ ಪರೀಕ್ಷಾ ಕೇಂದ್ರದ ಆ ಕೋಣೆಯಲ್ಲಿ, ಒಂದೇ ಮೇಜಿನ ಮೇಲೆ ಮೂರು ಯಂತ್ರಗಳು. ಕೇಂದ್ರದ ನಿರ್ದೇಶಕರದು ಒಂದು. ಬಣ್ಣದ ಕಾರ್ಖಾನೆಯ ವಕೀಲರ ಮ್ಯಾಕ್ ಇನ್ನೊಂದು. ಕಾರ್ಮಿಕ ಸಂಘದ ಕಾರ್ಯದರ್ಶಿ ಬಟ್ಟೆಚೀಲದಲ್ಲಿ ಹೊತ್ತು ತಂದಿದ್ದ, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಮತ್ತೊಂದು. ಕಾರ್ಖಾನೆಯ ಒಣಗಿಸುವ ಕೋಣೆಯಲ್ಲಿರುವ ಮಾಪಕ ಗಾಳಿಯ ವಿಷವನ್ನು ಅಳೆದು ಕೇಂದ್ರದ ಕೆಳಮಹಡಿಯ ಸರ್ವರ್‌ಗೆ ಕಳಿಸುತ್ತದೆ. ಸರ್ವರ್ ಅದನ್ನು ಗೆರೆಯಾಗಿ ಬಿಡಿಸುತ್ತದೆ. ಆ ಗೆರೆ ಮೂವರಿಗೂ ಅವರವರ ಯಂತ್ರದಲ್ಲೇ ಕಾಣಬೇಕು, ಆಮೇಲೆಯೇ ವಿಚಾರಣೆ ಎಂದು ದೂರು ಕೇಳುತ್ತಿರುವ ಅಧಿಕಾರಿಯ ಆದೇಶ. ಗಾಳಿ ಕೆಟ್ಟಿದೆ ಎಂದು ಸಾಬೀತಾದರೆ ರಾತ್ರಿ ಪಾಳಿ ಇವತ್ತಿನಿಂದಲೇ ಬಂದ್. ಒಂದರಲ್ಲಿ ಕಾಣದಿದ್ದರೂ ವಿಚಾರಣೆ ಮುಂದಿನ ತಿಂಗಳಿಗೆ. ಗಾಳಿ ಶುದ್ಧವಾಗಿದೆ ಎಂದು ಕಾರ್ಖಾನೆಗೆ ಪ್ರಮಾಣಪತ್ರ ಕೊಟ್ಟವರು ಇದೇ ನಿರ್ದೇಶಕರು. ಆ ಪಾಳಿಯಲ್ಲಿ ದುಡಿಯುವವಳು ಕಾರ್ಯದರ್ಶಿಯ ಸ್ವಂತ ತಂಗಿ.

“ಅಕ್ಕಾ, ನಿಮ್ಮದು ಬಂತು ನೋಡಿ!” ಎಂದಳು ತಂತ್ರಜ್ಞೆ, ಕಾರ್ಯದರ್ಶಿಗೆ.

ಲ್ಯಾಪ್‌ಟಾಪಿನ ಬಿರುಕು ಗಾಜಿನ ಮೇಲೆ ಗೆರೆ ಮೂಡಿತ್ತು. ಹಗಲೆಲ್ಲ ನೆಲಕ್ಕಂಟಿ ತೆವಳಿ, ರಾತ್ರಿಯಾದೊಡನೆ ಗೋಡೆ ಹತ್ತಿದಂತೆ ಎದ್ದುನಿಂತಿತ್ತು.

“ರಾತ್ರಿ ಹೊಗೆ ಎಳೆಯೋ ಫ್ಯಾನ್ ಆರಿಸ್ತಾರೆ, ಕರೆಂಟ್ ಉಳಿಸೋಕೆ,” ಎಂದಳು ಕಾರ್ಯದರ್ಶಿ. “ನಾವು ಬಾಯಲ್ಲಿ ಹೇಳಿದ್ರೆ ಭ್ರಮೆ ಅಂದಿದ್ರಿ.”

ನಿರ್ದೇಶಕರು ಬಗ್ಗಿ ನೋಡಿದರು, ನೆಟ್ಟಗಾದರು. “ಗುಜರಿ ಡಬ್ಬಾ ಅದು. ಲಿನಕ್ಸ್‌ನಲ್ಲಿ ಗೆರೆ ತಪ್ಪು ಬರುತ್ತೆ ಅಂತ ಒಂದು ಸಾಲು ಬರೆದುಕೊಡಮ್ಮ.”

“ಲೆಕ್ಕ ನಡೆಯೋದು ಕೆಳಗಿನ ಸರ್ವರ್‌ನಲ್ಲಿ ಸಾರ್. ಇಲ್ಲಿರೋದು ಬರೀ ಕಿಟಕಿ. ಕಿಟಕಿ ಬದಲಾದ್ರೆ ಬೀದಿ ಬದಲಾಗುತ್ತಾ?”

“ಬಾಯಿ ಜೋರಾಯ್ತು ನಿಂದು.”

ಅಷ್ಟರಲ್ಲಿ, ಅಂಥದೇ ಪ್ರೋಗ್ರಾಂ ಹಾಕಿ, ಲಾಗ್‌ಔಟ್ ಮಾಡಿ ಮತ್ತೆ ತೆರೆದ ವಕೀಲರ ಮ್ಯಾಕ್‌ನಲ್ಲೂ ಚಿತ್ರ ಬಂತು. ಅದೇ ಗೆರೆ, ಅದೇ ಗೋಡೆ. ವಕೀಲರು ಗಂಟಲು ಸರಿಮಾಡಿಕೊಂಡರು. “ಎರಡೂ ಒಂದೇ ಅನ್ನೋಕಾಗಲ್ಲ. ನನ್ನದರಲ್ಲಿ ಅಂಕಿಗಳು ಸಣ್ಣದಾಗಿ ಕಾಣ್ತಿವೆ.”

“ಸಣ್ಣ ಅಕ್ಷರದಲ್ಲಿ ಬರೆದ್ರೆ ವಿಷ ಕಮ್ಮಿಯಾಗುತ್ತಾ ಸ್ವಾಮಿ?” ಎಂದಳು ಕಾರ್ಯದರ್ಶಿ. ತಂತ್ರಜ್ಞೆ ನಗು ನುಂಗಿಕೊಂಡು ನಿರ್ದೇಶಕರ ಯಂತ್ರದತ್ತ ತಿರುಗಿದಳು.

ಬೇಕಾದ ಪ್ರೋಗ್ರಾಂ ಇಳಿಯಿತು. ಅದನ್ನು ಒಳಗೆ ಕೂರಿಸಲು ಯಂತ್ರದ ಒಡೆಯನ ಅನುಮತಿ ಬೇಕು. ಪಾಸ್‌ವರ್ಡ್ ಕೇಳುವ ಚೌಕ ಬಂದು ನಿಂತಿತು. ಅವಳು ಕೀಲಿಮಣೆಯನ್ನು ನಿರ್ದೇಶಕರ ಮುಂದೆ ಸರಿಸಿದಳು. ಅವರ ಬೆರಳುಗಳು ಅಕ್ಷರಗಳ ಮೇಲೆ ಸುಳಿದಾಡಿ ಹಿಂದೆ ಬಂದವು.

“ನೆನಪಾಗ್ತಿಲ್ಲಮ್ಮ.”

“ಬೆಳಿಗ್ಗೆ ನನ್ನೆದುರಿಗೇ ಹಾಕಿದ್ರಲ್ಲ ಸಾರ್?”

“ವಯಸ್ಸಾಯ್ತು, ಮರೆವು. ತಾಂತ್ರಿಕ ತೊಂದರೆ ಅಂತ ಬರಿ. ಮುಂದಿನ ತಿಂಗಳು ನೋಡೋಣ.”

“ತೊಂದರೆ ಯಂತ್ರದ್ದಲ್ಲ ಸಾರ್. ನಾನು ಬರೆಯಲ್ಲ.”

“ಬೇಡ ಬಿಡು, ನಾನೇ ಬರ್ಕೋತೀನಿ. ನಿನ್ನ ವಿಷಯ ಆಮೇಲೆ ಮಾತಾಡೋಣ.”

ವಕೀಲರು ಆಗಲೇ ತಮ್ಮ ಮ್ಯಾಕ್ ಮುಚ್ಚಿ ಚೀಲಕ್ಕೆ ಹಾಕುತ್ತಿದ್ದರು. ಕಾರ್ಯದರ್ಶಿ ಮಾತ್ರ ತನ್ನ ಲ್ಯಾಪ್‌ಟಾಪ್ ಮುಚ್ಚಲಿಲ್ಲ, ಕೂತಲ್ಲಿಂದ ಏಳಲೂ ಇಲ್ಲ. ದನಿ ಏರಿಸದೆ ಕೇಳಿದಳು:

“ನನ್ನ ತಂಗಿ ಈಗ ಪಾಳಿಗೆ ಹೊರಡೋಕೆ ಊಟದ ಡಬ್ಬಿ ಕಟ್ಕೋತಿರ್ತಾಳೆ ಸಾರ್. ನಿಮಗೆ ಪಾಸ್‌ವರ್ಡ್ ನೆನಪಾಗೋವರೆಗೂ ಉಸಿರು ಬಿಗಿಹಿಡ್ಕೊಂಡಿರು ಅಂತ ಹೇಳ್ಲಾ?”